ಮುಂದೆ ಬಸ್ಸಿಲ್ಲದ ಓಟ

ಗುರುವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಮೊಬೈಲಿಗೆ ಒಂದು ಫಾರಂ ಬಂತು. ದಾವಣಗೆರೆಯಲ್ಲಿ ಐದು ಕಿಲೋಮೀಟರ್ ಓಟವಂತೆ, ಯಾರು ಬೇಕಾದರೂ ಓಡಬಹುದಂತೆ, ಹೆಸರು ಕೊಡಲು ಭಾನುವಾರ ಮಧ್ಯಾಹ್ನದವರೆಗೆ ಸಮಯವಂತೆ. ಹೆಸರು, ವಯಸ್ಸು, ಅಂಗಿಯ ಅಳತೆ ಎಲ್ಲ ಸಲೀಸಾಗಿ ತುಂಬಿದವಳು ನಾಲ್ಕನೆಯ ಪ್ರಶ್ನೆಗೆ ಬಂದು ನಿಂತೆ: ‘ಓಟದ ಹಿಂದಿನ ಅನುಭವ?’

ನಗಬೇಡಿ, ನನಗೆ ಅನುಭವವಿತ್ತು. ದಿನಾಂಕ, ಗಂಟೆ, ನಿಮಿಷ ಸಮೇತ ಡೈರಿಯಲ್ಲಿತ್ತು. ಆದರೆ ಅದೆಲ್ಲ ಬಸ್ಸಿನ ಹಿಂದೆ ಓಡಿದ್ದು.

ಮೂರು ವರ್ಷದ ಹಿಂದಿನ ಮಾತು. ಸ್ಕೂಟಿ ಕೊಳ್ಳುವ ಮೊದಲು ನಾನು ಆವರಗೆರೆಯಿಂದ ಹರಿಹರದ ಕನ್ನಡಕದ ಅಂಗಡಿಗೆ ದಿನವೂ ಖಾಸಗಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಬಸ್ಸು ಎಂಟೂ ಮೂವತ್ತೈದಕ್ಕೆ. ನಾನು, ವಾರಕ್ಕೆ ಎರಡು ದಿನವಾದರೂ, ಎಂಟೂ ಮೂವತ್ತಾರಕ್ಕೆ. ಸೋಮಾರಿತನದಿಂದಲ್ಲ; ಮನೆ ಬಿಡುವ ಹೊತ್ತನ್ನು ಡೈರಿಯಲ್ಲಿ ಬರೆಯಲು ಕೂತು ಮನೆ ಬಿಡುವುದು ತಡವಾಗುತ್ತಿತ್ತು. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ, ನೀವಾದರೂ ನಂಬಿ.

ಬಸ್ಸಿನ ಹಿಂದೆ ಓಡುವುದಕ್ಕೂ ಒಂದು ಪದ್ಧತಿಯಿದೆ. ಬುತ್ತಿ ಡಬ್ಬಿ ಬಲಗೈಯಲ್ಲಿ, ದುಪಟ್ಟ ಸೊಂಟಕ್ಕೆ, ಚಪ್ಪಲಿಯ ಬಾರು ಸಡಿಲವಿದ್ದರೆ ಚಪ್ಪಲಿ ಎಡಗೈಯಲ್ಲಿ. ‘ನಿಲ್ಸ್ರೀ’ ಎಂದು ಕೂಗಬಾರದು, ಅರ್ಧ ಉಸಿರು ಅದಕ್ಕೇ ಹೋಗುತ್ತದೆ. ಬಾಗಿಲಲ್ಲಿ ಕಂಡಕ್ಟರ್ ರುದ್ರಣ್ಣ ಒಂದು ಕಾಲು ಹೊರಗಿಟ್ಟು ಜೋತಾಡುತ್ತ, “ಬಾ ತಂಗೀ, ಬಾ! ಇನ್ನ ನಾಕ್ ಹೆಜ್ಜಿ! ಡಬ್ಬಿ ಇಲ್ ಕೊಡು ಮದ್ಲು!” ಎಂದು ಹುರಿದುಂಬಿಸುತ್ತಿದ್ದ. ಡಬ್ಬಿ ಮೊದಲು ಹತ್ತುತ್ತಿತ್ತು, ಆಮೇಲೆ ನಾನು. ಸೀಟು ಸಿಕ್ಕ ಕೂಡಲೇ ಡೈರಿ ತೆಗೆದು ಗೆರೆ ಎಳೆಯುತ್ತಿದ್ದೆ. ಎರಡು ವರ್ಷದ ಲೆಕ್ಕ: ಓಟ ನೂರ ಎಂಬತ್ತಾರು, ಗೆಲುವು ನೂರ ಎಪ್ಪತ್ತೈದು, ಸೋಲು ಹನ್ನೊಂದು. ಹಂಗಾಮಿ ಡ್ರೈವರು, ಮಳೆ, ಕಾಲಿಗೆ ಮುಳ್ಳು ಇಂಥವನ್ನು ಬರೆಯಲು ಪಕ್ಕದಲ್ಲಿ ‘ಷರಾ’ ಎಂಬ ಖಾನೆ.

ಸ್ಕೂಟಿ ಬಂದ ಮೇಲೂ ಓಡುವ ಅಭ್ಯಾಸ ಬಿಡಬಾರದೆಂದು ಬೆಳಿಗ್ಗೆ ರಸ್ತೆಗಿಳಿಯುತ್ತೇನೆ. ಆದರೆ ಮೂರನೆಯ ದೀಪದ ಕಂಬ ದಾಟುವಷ್ಟರಲ್ಲಿ ಕಾಲುಗಳು, ಎತ್ತ ಹೊರಟೆವು ಎಂದು ಕೇಳಲು ಶುರುಮಾಡುತ್ತವೆ. ಮುಂದೆ ಹಿಡಿಯುವಂಥದ್ದು ಏನೂ ಇರುವುದಿಲ್ಲವಲ್ಲ. ಹೀಗಿರುವವಳು ಐದು ಕಿಲೋಮೀಟರ್‌ಗೆ ಹೆಸರು ಕೊಟ್ಟು, ಅರ್ಧ ದಾರಿಯಲ್ಲಿ ಕೂತುಬಿಟ್ಟರೆ? ನಾನೇ ಕನ್ನಡಕ ಕೊಟ್ಟ ಜನ ರಸ್ತೆ ಬದಿಯಲ್ಲಿ ನಿಂತಿರುತ್ತಾರೆ. ಎಲ್ಲರಿಗೂ ಸ್ಪಷ್ಟವಾಗಿ ಕಾಣುತ್ತದೆ.

ಅಮ್ಮನನ್ನು ಕೇಳಿದೆ.

“ಎಲ್ಲಿಂದ ಎಲ್ಲೀತನ ಓಡದು?”

“ಹೈಸ್ಕೂಲ್ ಮೈದಾನದಿಂದ ಹೊರಟು, ಊರು ಸುತ್ತಿ, ವಾಪಸ್ ಮೈದಾನಕ್ಕೆ.”

“ಮತ್ತೆ ಅಲ್ಲಿಗೇ ಬರದಾದ್ರೆ ಹೋಗದ್ಯಾಕ? ಅಲ್ಲೇ ಇರ್ರಿ ಎಲ್ಲಾರೂ.”

ಇದಕ್ಕೆ ನಿಮಗೆ ಉತ್ತರ ಹೊಳೆದರೆ ತಿಳಿಸಿ.

ಶುಕ್ರವಾರ ಸಂಜೆ ಅಂಗಡಿ ಮುಚ್ಚಿ, ರುದ್ರಣ್ಣನ ಹತ್ತಿರ ಹೋದೆ. ಮೊಣಕಾಲು ನೋವಿನಿಂದ ಅವನು ಬಸ್ಸು ಬಿಟ್ಟು ವರ್ಷವಾಯಿತು. ಈಗ ಹರಿಹರದ ನಿಲ್ದಾಣದಲ್ಲಿ ಕುರ್ಚಿ ಹಾಕಿಕೊಂಡು ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತೆಂದು ಬರೆದುಕೊಳ್ಳುವ ಟೈಂಕೀಪರ್. ನನ್ನ ಓಟವನ್ನು ಕಣ್ಣಾರೆ ಕಂಡವನು ಅವನೊಬ್ಬನೇ. ಡೈರಿ ಬಿಚ್ಚಿ ನೂರ ಎಪ್ಪತ್ತೈದನ್ನು ತೋರಿಸಿ, “ಹೆಸರು ಕೊಡಲೇನು ರುದ್ರಣ್ಣ?” ಎಂದೆ.

ಅವನು ಡೈರಿಯನ್ನು ದೂರ ಹಿಡಿದು ಓದಿದ. ಆಮೇಲೆ ನನ್ನನ್ನು ನೋಡಿದ. ಹೇಳಲೋ ಬೇಡವೋ ಎನ್ನುವಂತೆ ಒಮ್ಮೆ ಕೆಮ್ಮಿದ.

“ತಂಗೀ, ಬೇಜಾರು ಮಾಡ್ಕಬ್ಯಾಡ. ನೀ ಹತ್ತೋತನ ನಾನು ಸೀಟಿ ಹೊಡೀತಿದ್ದಿಲ್ಲ.”

“ಬಸ್ಸು ಓಡುತ್ತಲೇ ಇರುತ್ತಿತ್ತಲ್ಲ!”

“ಓಡದೆಲ್ಲೈತೆ, ಮೆಲ್ಲಕ ಉಳ್ಳಿಸ್ತಿದ್ವಿ. ನಿಂತ್ರೆ ಒಳಗಿನ ಮಂದಿ ಬೈತಾರೆ. ಉಳ್ಳಿಸ್ಕಂತ ಹೋದ್ರೆ ಯಾರೂ ಬೈಯಲ್ಲ. ಅದೂ ಅಲ್ದೆ ಹಿಂದಿನ ಸೀಟ್ನೋರು ಗಾಜಿನಾಗೆ ನಿನ್ನೇ ನೋಡ್ಕಂತ ಕುಂತಿರೋರು. ಸಾರಥಿ ಊರಿನ ಯಜಮಾನರೊಬ್ರು, ನೀ ರಜಾ ಹಾಕಿದ್ ದಿನ, ‘ಇವತ್ತು ಆ ಹುಡುಗಿ ಇಲ್ಲೇನಪ್ಪಾ’ ಅಂತ ಕೇಳೋರು.”

ಇಷ್ಟು ಹೇಳಿ, ಪಾಪ, ನನಗೆ ಚಹಾ ತರಿಸಿದ.

ಎರಡು ವರ್ಷದ ಗೆಲುವು ಒಂದು ಲೋಟ ಚಹಾದ ಹೊತ್ತಿನಲ್ಲಿ ಕರಗಿತು. ತುಂಗಭದ್ರೆಯಲ್ಲಿ ಡೈರಿ ಬಿಟ್ಟುಬಿಡೋಣ ಅನಿಸಿತಾದರೂ ಅದರಲ್ಲಿ ಗ್ಯಾಸ್ ಬುಕ್ ಮಾಡಿದ ದಿನಾಂಕಗಳೂ ಇದ್ದವು.

ಶನಿವಾರ ಸಮಾಧಾನವಾಗಿ ಕೂತು ಷರಾ ಖಾನೆಯನ್ನು ಮೊದಲಿನಿಂದ ಓದಿದೆ. ‘ಬದಲಿ ಕಂಡಕ್ಟರ್’ ಎಂದು ಬರೆದ ದಿನಗಳು ಹದಿಮೂರು. ರುದ್ರಣ್ಣ ರಜೆ ಹಾಕಿದ ದಿನಗಳವು. ಅವನ ಬದಲಿಗೆ ಬರುತ್ತಿದ್ದ ಹುಡುಗನಿಗೆ ನಾನು ಯಾರೋ. ನನ್ನ ಹನ್ನೊಂದು ಸೋಲೂ ಆ ದಿನಗಳದ್ದೇ. ಉಳಿದದ್ದು ಎರಡು ಗೆಲುವು. ಅದರಲ್ಲೊಂದು ದಿನ ಲೋಕಿಕೆರೆಯ ಅಜ್ಜಿಯೊಬ್ಬಳು ಮೆಂತ್ಯದ ಸೊಪ್ಪಿನ ಗಂಟು ಇಳಿಸುತ್ತ ಬಸ್ಸನ್ನು ತಡೆದಿದ್ದಳು. ಪ್ರಾಮಾಣಿಕವಾಗಿ ಅದನ್ನು ಅಜ್ಜಿಯ ಖಾತೆಗೆ ಹಾಕಿದೆ. ಉಳಿದದ್ದು ಒಂದೇ ಒಂದು.

ಅದು ಚೆನ್ನಾಗಿ ನೆನಪಿದೆ. ನಮ್ಮ ನಿಲ್ದಾಣದಲ್ಲಿ ತಪ್ಪಿದ ಬಸ್ಸನ್ನು ಮುಂದಿನ ನಿಲ್ದಾಣದವರೆಗೂ ಬೆನ್ನಟ್ಟಿ ಹಿಡಿದಿದ್ದೆ. ಎದೆ ಡವಗುಟ್ಟುತ್ತ ಹತ್ತಿ ನಿಂತರೆ ಆ ಹುಡುಗ ಮುಖವನ್ನೂ ನೋಡದೆ, “ಚಿಲ್ರೆ ಐತೇನ್ರಿ?” ಎಂದಿದ್ದ. ಅವತ್ತು ಅವನ ಮೇಲೆ ಸಿಟ್ಟು ಬಂದಿತ್ತು. ಶನಿವಾರ ಅದನ್ನೇ ಓದುವಾಗ, ಅವನಿಗೊಂದು ನಮಸ್ಕಾರ ಹೇಳಬೇಕೆನಿಸಿತು. ಅವನು ನನಗೆ ಒಂದು ಹೆಜ್ಜೆಯನ್ನೂ ಬಿಟ್ಟುಕೊಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ರಸ್ತೆಗಿಳಿದೆ. ಮೂರನೆಯ ಕಂಬ ದಾಟಿತು, ಏಳನೆಯದೂ ದಾಟಿತು. ಹಿಂದಿನಿಂದ ಬಸ್ಸೊಂದು ಬಂದು ನನ್ನ ಪಕ್ಕದಲ್ಲೇ ನಿಧಾನವಾಯಿತು. ಗುರುತಿಲ್ಲದ ಕಂಡಕ್ಟರ್ ಬಾಗಿಲಿಂದ ಬಾಗಿ, “ಅಕ್ಕಾರೆ, ಹತ್ರಿ ಲಗೂ! ನಿಮಗಂತ್ಲೇ ಸ್ಲೋ ಮಾಡಿಸೀನಿ!” ಎಂದ.

“ಬ್ಯಾಡ, ಹೋಗ್ರಿ!”

“ಮತ್ಯಾಕ ಓಡಾಕತ್ತೀರಿ?”

ಮುಂದೆ ಹೋಗಿ ಎಂದು ಕೈ ಬೀಸಿದೆ. ಬಸ್ಸು ಹೊರಟಿತು. ಕಾಲುಗಳು ಹಳೆಯ ಚಾಳಿಗೆ ಹತ್ತು ಹೆಜ್ಜೆ ಅದರ ಹಿಂದೆ ನುಗ್ಗಿದವು, ನಾನು ತಡೆದೆ. ಹಿಂದಿನ ಗಾಜಿನ ಮುಖಗಳು ಸಣ್ಣವಾಗುತ್ತ ಹೋದವು. ಮುಂದೆ ರಸ್ತೆ ಖಾಲಿಯಿತ್ತು. ನಾನು ಓಡುತ್ತಲೇ ಇದ್ದೆ.

ಮನೆಗೆ ಬರುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಆ ಬಸ್ಸಿನಲ್ಲಿದ್ದ ಪಕ್ಕದ ಮನೆಯವರು ಫೋನು ಮಾಡಿದ್ದರಂತೆ.

“ಬಸ್ ತಪ್ತಂತಲ್ಲೇ?”

“ತಪ್ಪಿಲ್ಲಮ್ಮ, ನಾನೇ ಬಿಟ್ಟೆ. ಹೆಸರು ಕೊಡ್ತಿದೀನಿ. ಎಲ್ಲರಿಗಿಂತ ಕೊನೆಗೆ ಬರಬಹುದು, ಈಗಲೇ ಹೇಳಿರ್ತೀನಿ.”

ಅಮ್ಮ ಬೆವರಿದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಕೊನೇಗೆ ಅಂದ್ರೆ ಎಷ್ಟೊತ್ತಿಗೆ? ಅದನ್ನ ಬರೆದು ಕೊಟ್ಟು ಹೋಗು. ಬಿಸಿಲಾಗೆ ಅಷ್ಟೊತ್ತು ನಿಂದ್ರಾಕೆ ಆಗಲ್ಲ, ನಾನು ಕುರ್ಚಿ ತಗೊಂಡು ಬರ್ತೀನಿ.”