ಮಸೆಗಲ್ಲಿನ ಮೇಲೆ ಮರಳು

ಆಗ ನನಗೆ ಹನ್ನೊಂದು ವರ್ಷ. ಅದಾಗಿ ಎಂಬತ್ತು ವರ್ಷದ ಹತ್ತಿರ ಆಗಿರಬೇಕು. ಮೊನ್ನೆ ಸೊಸೆ ಈಳಿಗೆ ಮಸೆಯಲು ಹಿತ್ತಿಲ ಕಲ್ಲಿಗೆ ನೀರು ಚಿಮುಕಿಸಿದಳು. ಆ ಒದ್ದೆ ಕಲ್ಲಿನ ವಾಸನೆಗೆ ಪಕ್ಕದ ಮನೆಯ ತಾತ ನೆನಪಾದ.

ಸಾಸಲು ಕಡೆಯ ನಮ್ಮೂರಿಗೆಲ್ಲ ಕ್ಷೌರ ಮಾಡುತ್ತಿದ್ದವನು ಅವನೇ. ಹಳ್ಳದಲ್ಲಿ ಮಸೆಯುವ ಕಲ್ಲು ಹುಡುಕಲು ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಕಲ್ಲಿಗೆ ನೀರು ಸವರುತ್ತಿದ್ದ. ಸರ್ರನೆ ಕುಡಿದುಬಿಟ್ಟರೆ ಒರಟು ಕಲ್ಲು, ಮಚ್ಚಿಗೆ. ನೀರು ಮೇಲೆಯೇ ನಿಂತರೆ ನುಣುಪು ಕಲ್ಲು, ಕ್ಷೌರದ ಕತ್ತಿಗೆ. ಆಮೇಲೆ ಅದರ ಮೇಲೆ ಉಗುರು ಎಳೆಯುತ್ತಿದ್ದ. ಉಗುರು ಎಲ್ಲಾದರೂ ತಡೆದರೆ, ಕತ್ತಿಯ ಅಲಗು ಕೆಡುತ್ತದೆ ಎಂದು ಅಲ್ಲೇ ಬಿಸಾಡುತ್ತಿದ್ದ.

“ಕಣ್ಣಲ್ಲಿ ನೋಡ್ಬೇಡ ಕಣವ್ವ, ಉಗುರಲ್ಲಿ ನೋಡು,” ಅನ್ನುತ್ತಿದ್ದ.

ಕ್ಷೌರದ ಕತ್ತಿಗೆ ಅವನಲ್ಲಿ ಒಂದೇ ಕಲ್ಲಿತ್ತು. ಅಂಗೈಯಗಲ, ಹಸಿರುಗಪ್ಪು. ಅಂಥದ್ದು ಇನ್ನೊಂದು ಸಿಕ್ಕಿರಲಿಲ್ಲ.

ರಾಗಿ ಕೊಯ್ಲು ಬಂತು. ನನ್ನ ಕುಡುಗೋಲು ಮೊಂಡಾಗಿತ್ತು. ನಾವು ಕುಡುಗೋಲನ್ನು ಹಲಗೆಯ ಮೇಲೆ ಮರಳು ಉದುರಿಸಿ ಮಸೆಯುತ್ತಿದ್ದೆವು. ತಾತನ ಕಲ್ಲಿನಲ್ಲಿ ಮಸೆದರೆ ಕ್ಷೌರದ ಕತ್ತಿಯಷ್ಟೇ ಹರಿತವಾಗುತ್ತದೆ ಎಂದುಕೊಂಡೆ. ಅವನು ಕೆರೆಗೆ ಹೋಗಿದ್ದಾಗ ಜಗುಲಿಯಿಂದ ತೆಗೆದೆ. ಕುಡುಗೋಲು ಜಾರುತ್ತಿತ್ತು. ಕಲ್ಲಿನ ಮೇಲೂ ಒಂದು ಹಿಡಿ ಮರಳು ಹಾಕಿ ತಿಕ್ಕಿದೆ. ಕುಡುಗೋಲು ಹರಿತವಾಯಿತು, ಕಲ್ಲು ಗೀರುಬಿದ್ದು ಹಾಳಾಯಿತು. ತೊಳೆದು ಇದ್ದ ಜಾಗದಲ್ಲೇ ಇಟ್ಟೆ.

ಅವತ್ತೇ ಪಟೇಲರಿಗೆ ಎಲ್ಲಿಗೋ ಹೊರಡುವ ಅವಸರ. ಕರೆ ಬಂತೆಂದು ತಾತ ಕಲ್ಲನ್ನು ನೋಡದೆಯೇ ಕತ್ತಿ ಮಸೆದುಕೊಂಡು ಓಡಿದ. ಪಟೇಲರ ಕೆನ್ನೆ ಕುಯ್ದುಹೋಯಿತು.

“ಕಣ್ ಹೋದ್ಮೇಲೆ ಕತ್ತಿ ಯಾಕ್ ಹಿಡೀತೀಯೋ ಮುದುಕ? ನಾಳೆಯಿಂದ ಬೇರೆಯವನ್ನ ಕರೆಸ್ತೀನಿ,” ಎಂದು ಪಟೇಲರು ಕೂಗಾಡಿದರು.

“ಕುರಿ ತುಪ್ಪಟ ಕತ್ರಿಸ್ಕೊಂಡಿರ್ಲಿ ಬಿಡಿ ಪಟೇಲ್ರೇ,” ಎಂದು ಯಾರೋ ನಗಾಡಿದರು.

ತಾತ ಮನೆಗೆ ಬಂದು ಕಲ್ಲಿನ ಮೇಲೆ ಉಗುರು ಎಳೆದ. ತಡೆಯಿತು. ಮತ್ತೆ ಎಳೆದ.

“ಅವ್ವಾ, ನೀನೇನಾದ್ರೂ ಮುಟ್ಟಿದ್ಯಾ? ಬೈಯಲ್ಲ, ಹೇಳು. ಪಟೇಲ್ರಿಗೆ ಕಲ್ಲು ತೋರಿಸ್ತೀನಿ, ನನ್ ಕಣ್ಣು ನೆಟ್ಟಗೈತೆ ಅಂತ ಹೇಳ್ತೀನಿ.”

“ನಾನ್ ಮುಟ್ಟಿಲ್ಲ ತಾತ. ನಿಂಗೇ ಕಣ್ಣು ಮಂಜಾಗೈತೆ.”

ಅವನು ನನ್ನ ಕೈ ನೋಡಿದ. ಉಗುರಿನ ಸಂದಿಯಲ್ಲಿ ಮರಳು ಇತ್ತೋ ಇಲ್ಲವೋ... ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟ.

ಊರಿಗೆ ಬೇರೆ ಕ್ಷೌರದವನು ಬಂದ. ತಾತ ಬೂದಿಗೆರೆಯ ಮಗಳ ಮನೆ ಸೇರಿದ. ಅಲ್ಲೇ ಸತ್ತನಂತೆ... ನೋಡಲು ಹೋಗಲಿಲ್ಲ.

ಚಿಕ್ಕ ಹುಡುಗಿ, ಅವಳಿಗೇನು ಗೊತ್ತಿತ್ತು ಎನ್ನಬಹುದು. ಗೊತ್ತಿತ್ತು. ಆ ಕಲ್ಲನ್ನು ಉಗುರು ಎಳೆದು ನೋಡಿಯೇ ವಾಪಸು ಇಟ್ಟಿದ್ದೆ. ಮೊನ್ನೆ ಸೊಸೆಯ ಕಲ್ಲಿನ ಮೇಲೂ ಎಳೆದೆ. ಈಗ ಎಳೆದು ಏನು ಬಂತು? ಹೇಳಬೇಕಾದವನೇ ಇಲ್ಲ.

ಸುಳ್ಳು ಹೇಳಿದ ಮರುದಿನ ಬೆಳಗ್ಗೆ ಅದೇ ಕುಡುಗೋಲು ಹಿಡಿದು ಅವನ ಜಗುಲಿಯ ಮುಂದೆಯೇ ಹೊಲಕ್ಕೆ ಹೋದೆ. ಎಲ್ಲರಿಗಿಂತ ಮೊದಲು ನನ್ನ ಸಾಲು ಕೊಯ್ದು ಮುಗಿಸಿದೆ.