ಮಾರ್ಸೆಲಿನಾ ಟೀಚರ ಮೆಕ್ಕೆಜೋಳದ ರೊಟ್ಟಿ

ಕಡಲತಡಿಯ ಪುಂಟಾ ಗೋರ್ಡಾ ಊರಿನ ಶಿಶುವಿಹಾರದಲ್ಲಿ ಇಪ್ಪತ್ತೆಂಟು ವರ್ಷದಿಂದ ಮಕ್ಕಳ ಮೂಗು ಒರೆಸುತ್ತ ಬಂದ ಮಾರ್ಸೆಲಿನಾ ಟೀಚರಿಗೆ ಇದ್ದದ್ದು ಒಂದೇ ಗರ್ವ: ತನ್ನ ಕೈಯಡುಗೆ ಎಂದೂ ಕೆಟ್ಟದ್ದಿಲ್ಲ. ಪ್ರತಿ ಶುಕ್ರವಾರ ಅಲ್ಲಿ ಒಂದೊಂದು ಮಗುವಿನ ಮನೆಯ ಅಡುಗೆ; ಮಾಡುವವರು ಮಕ್ಕಳೇ. ಟೀಚರು ತನ್ನ ಗರೀಫುನಾ ಜನರಂತೆ ಬೆಂದ ಬಾಳೆಕಾಯಿಯನ್ನು ಒರಳಿಗೆ ಹಾಕಿ ಕುಟ್ಟಿಸಿದ ದಿನ ಅರ್ಧ ಒರಳಲ್ಲಿತ್ತು, ಅರ್ಧ ಮಕ್ಕಳ ತಲೆಯ ಮೇಲಿತ್ತು. ಆಕೆ ಅದನ್ನೂ ಚಪ್ಪರಿಸಿಕೊಂಡು ತಿಂದಳು.

ಆ ವರ್ಷ ಬೆಟ್ಟದ ಊರಿನಿಂದ ಬಂದ ಮಾಯಾ ಬುಡಕಟ್ಟಿನ ಹುಡುಗಿ ಮತಿಲ್ದೆ, ನಾಲ್ಕು ವರ್ಷದವಳು, ತಿಂಗಳಾದರೂ ತುಟಿ ಪಿಟಕ್ಕೆಂದಿರಲಿಲ್ಲ. ಮಧ್ಯಾಹ್ನ ಮಲಗುವಾಗ ಮಾತ್ರ ಟೀಚರ ಲಂಗದ ಚುಂಗು ಹಿಡಿದುಕೊಳ್ಳುತ್ತಿದ್ದಳು. ಗುರುವಾರ ಅವಳ ತಾಯಿ ಔರೋರಾ ಬಾಗಿಲಲ್ಲೇ ನಿಂತು ಹೇಳಿದಳು:

"ನಾಳೆ ಒಂದಿನ ನೋಡ್ತೀನಿ ಟೀಚರಮ್ಮ. ಆಗ್ಲೂ ಬಾಯಿ ಬಿಡ್ಲಿಲ್ಲ ಅಂದ್ರೆ ಊರಿಗೆ ಅಜ್ಜಿ ಹತ್ರ ಕಳಿಸ್ಬಿಡ್ತೀನಿ. ಇಲ್ಲಿ ಕೊರಗ್ತಾಳೆ."

ಮಾರ್ಸೆಲಿನಾ ಮಗುವಿನ ಕೈ ಹಿಡಿದುಕೊಂಡಳು.

"ನಾಳೆ ನಿಮ್ಮನೆ ಮೆಕ್ಕೆಜೋಳದ ರೊಟ್ಟೀನೇ ಮಾಡಿಸ್ತೀನಿ. ನೀನೂ ಬಾ."

"ಜೋಳ ನಾನೇ ಬೇಯಿಸಿ ತರ್ಲಾ?"

"ಬೇಡ ಕಣಮ್ಮ. ಹುಟ್ಟಿದಾಗಿಂದ ತಿಂತಿದೀನಿ, ನಂಗೊತ್ತಿಲ್ವಾ?"

ತಿನ್ನಲು ಬಂದವರಿಗೆಲ್ಲ ಮಾಡಲು ಬರುತ್ತದೆಯೇ? ಮರುದಿನ ಜೋಳವನ್ನು ಬರೀ ನೀರಲ್ಲಿ ಬೇಯಿಸಿ, ರುಬ್ಬಿ, ಮಕ್ಕಳ ಕೈಗೆ ಉಂಡೆ ಕೊಟ್ಟಳು. ತಟ್ಟಿದರೆ ಅಂಚು ಬಿರಿಯಿತು. ಕಾವಲಿಗೆ ಹಾಕಿದರೆ ನಾಲ್ಕು ಹೋಳಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಾರ್ಸೆಲಿನಾ ಒಲೆಯನ್ನು ಬೈದಳು. ಕಾರಣ ಗೊತ್ತಿದ್ದ ಔರೋರಾ, ಟೀಚರ ತಪ್ಪು ಎತ್ತಿ ತೋರಿಸುವುದುಂಟೇ ಎಂದು ನೆಲ ನೋಡುತ್ತ ನಿಂತಳು.

ಮತಿಲ್ದೆ ಎದ್ದು ಬಂದಳು. ಹಿಟ್ಟನ್ನು ಮೂಸಿದಳು, ಚೂರು ನಾಲಿಗೆಗಿಟ್ಟಳು.

"ಸುಣ್ಣ ಹಾಕಿಲ್ಲ."

ಮಕ್ಕಳೆಲ್ಲ ತಿರುಗಿ ನೋಡಿದರು.

"ಜೋಳ ಬೇಯಿಸುವಾಗ ಸುಣ್ಣ ಹಾಕ್ಬೇಕು. ಆಗ ಸಿಪ್ಪೆ ಬಿಡುತ್ತೆ, ಹಿಟ್ಟು ಅಂಟುತ್ತೆ. ಅಷ್ಟೂ ಗೊತ್ತಿಲ್ವಾ ನಿಂಗೆ?"

"ಏಯ್, ಟೀಚರಿಗೆ ಹಾಗನ್ಬಾರ್ದು," ಎಂದು ಔರೋರಾ ಗದರಿದಳು. ಗದರುತ್ತಲೇ ಮಗಳ ತಲೆ ಸವರಿದಳು.

ಇಪ್ಪತ್ತೆಂಟು ವರ್ಷದ ಗರ್ವ ರೊಟ್ಟಿಯ ಜೊತೆಗೇ ಚೂರಾಗಿತ್ತು. ಮಾರ್ಸೆಲಿನಾಳಿಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

"ಗೊತ್ತಿಲ್ಲ ಕಣವ್ವ. ಯಾರು ಹೇಳ್ಕೊಡ್ತಾರೆ ನಂಗೆ?"

ಮತಿಲ್ದೆ ಕಾವಲಿ ನೋಡಿದಳು, ಟೀಚರ ಮುಖ ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು.

"ಅಮ್ಮ, ಸೋಮವಾರ ಸುಣ್ಣ ಕಟ್ಕೊಡು. ಇವ್ರಿಗೆ ಏನೂ ಬರಲ್ಲ."