ಪಾಸ್‌ಪೋರ್ಟಿನ ಎರಡನೇ ಹೆಸರು

ತುಟಿಯ ಎಡಮೂಲೆಯಲ್ಲಿ ಮೂರು ಗುಂಡುಪಿನ್ನು ಕಚ್ಚಿಕೊಂಡು ಬಲಮೂಲೆಯಿಂದ ಮಾತಾಡುತ್ತಿದ್ದರು ನಮ್ಮ ಟೇಲರಣ್ಣ. ಎಲ್ಲಾದರೂ ನುಂಗಿಬಿಟ್ಟೀರಿ ಎಂದು ಗದರಿದರೆ, "ಇಪ್ಪತ್ತೆಂಟು ವರ್ಷದಿಂದ ನುಂಗ್ಲಿಲ್ಲ, ನೀವು ಹೇಳಿದ್ರಿ ಅಂತ ಈಗ ನುಂಗ್ಲಿಕ್ಕುಂಟಾ ಟೀಚರೇ?" ಎನ್ನುತ್ತಿದ್ದರು. ಬಂಟ್ವಾಳದ ಕಡೆಯ ಬ್ಯಾರಿ ಮನುಷ್ಯ. ಗಲ್ಫಿನ ಖಲೀಫಾ ಸಿಟಿಯಲ್ಲಿ, ನಾನು ಇಂಗ್ಲಿಷ್ ಕಲಿಸುವ ಶಾಲೆಯ ಹಿಂದಿನ ಸಾಲಿನಲ್ಲಿ ಅವರ ಅಂಗಡಿ. ವಿಲ್ಲಾವೊಂದರ ಪಾಲು ಮಾಡಿದ ಕೋಣೆಯಲ್ಲಿ ಒಬ್ಬಳೇ ಇರುವ ನನಗೆ, ಕನ್ನಡದಲ್ಲಿ ಬೈಯಲು ಸಿಗುತ್ತಿದ್ದವರು ಅವರೊಬ್ಬರೇ.

ಶಾಲೆಯ ಅಷ್ಟೂ ಮಕ್ಕಳ ಅಳತೆ ಅವರಿಗೆ ಬಾಯಿಪಾಠ. ಯಾವ ಹುಡುಗಿ ಎರಡಿಂಚು ಬೆಳೆದಳೆಂದು ಅವಳ ತಾಯಿಗಿಂತ ಮೊದಲು ಹೇಳುತ್ತಿದ್ದರು. ಸ್ವಂತ ಮಗಳ ಮದುವೆಯ ಚೂಡಿದಾರ ಮಾತ್ರ ಫೋನಿನಲ್ಲಿ ಅಳತೆ ಕೇಳಿ ಹೊಲಿದದ್ದು. ಭುಜ ಬಿಗಿಯಾಯಿತಂತೆ. ಹೆಂಡತಿ ಊರಿನಲ್ಲಿ ಬೀಡಿ ಕಟ್ಟುತ್ತ ಮೂರು ಮಕ್ಕಳನ್ನು ದಡ ಸೇರಿಸಿದವರು. ಒಮ್ಮೆಯೂ ಇಲ್ಲಿಗೆ ಬಂದವರಲ್ಲ. ಕೊನೆಯ ಮಗಳ ಮದುವೆ ಮುಗಿದ ಮೇಲೆ ಟೇಲರಣ್ಣನಿಗೆ ಉಳಿದದ್ದು ಒಂದೇ ಆಸೆ. "ಅವಳೊಮ್ಮೆ ಬಂದು ಈ ಅಂಗಡಿ ನೋಡ್ಬೇಕು. ನಾನು ಇಷ್ಟು ವರ್ಷ ಎಲ್ಲಿ ಕೂತಿದ್ದೆ ಅಂತ ಅವಳಿಗೆ ಗೊತ್ತೇ ಇಲ್ಲ ಮಾರಾಯ್ರೆ."

ವಿಸಿಟ್ ವೀಸಾ ಸಿಗಲಿಲ್ಲ. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಸರ್‌ನೇಮ್ ಜಾಗ ಖಾಲಿ. ಹೊಸ ನಿಯಮದಲ್ಲಿ ಅದು ನಡೆಯುವುದಿಲ್ಲವಂತೆ. ಟೇಲರಣ್ಣನದ್ದೂ ಹಾಗೆಯೇ ಇತ್ತು, ಆದರೆ ರೆಸಿಡೆನ್ಸ್ ವೀಸಾದವರೆಂದು ಯಾರೂ ಕೇಳಿರಲಿಲ್ಲ. ಫಾರ್ಮು ಹಿಡಿದು ನನ್ನೆದುರು ಕೂತರು.

"ನಮಗೆಲ್ಲಿಯ ಸರ್‌ನೇಮ್? ಎಂತ ಬರೆಯುವುದು?"

ನನ್ನ ಬಾಯಿ ಸುಮ್ಮನಿರಬೇಕಲ್ಲ! ನಮ್ಮ ಶಾಲೆಯಲ್ಲೊಬ್ಬ ಇಂಗ್ಲೆಂಡಿನ ವ್ಯಾಯಾಮ ಮೇಷ್ಟ್ರು. ಅಂಗಿಗೆ ಗುಂಡಿ ಹಾಕಿಸಲೂ ಟೇಲರಣ್ಣನ ಹತ್ತಿರ ಓಡಿಬರುವ ಆಸಾಮಿ. ಅವನ ಸರ್‌ನೇಮೇ ಟೇಲರ್. ಅದರ ಕಥೆ ಶುರುಮಾಡಿದೆ. ಫ್ರೆಂಚ್ ಮಾತಿನ ದೊರೆಗಳು ಇಂಗ್ಲೆಂಡನ್ನು ಗೆದ್ದಾಗ ಅವರ ಹಿಂದೆ ಬಂದ ಪದ ಅದು, ಮೂಲದಲ್ಲಿ ಕತ್ತರಿಸುವವನು ಎಂದು ಅರ್ಥ. ಊರಿಗೆ ಹತ್ತು ಮಂದಿ ಜಾನ್ ಇದ್ದರೆ ಪಟ್ಟಿ ಬರೆಯುವ ಗುಮಾಸ್ತ ಏನು ಮಾಡಬೇಕು? ಬಟ್ಟೆ ಹೊಲಿಯುವ ಜಾನ್ ಎಂದು ಬರೆದ. ಮಗ ರೊಟ್ಟಿ ಸುಟ್ಟ, ಮೊಮ್ಮಗ ಹಡಗು ಹತ್ತಿದ, ಹೆಸರು ಮಾತ್ರ ಬಿಡಲಿಲ್ಲ. ನೂರಾರು ವರ್ಷವಾದರೂ ಬಿಟ್ಟಿಲ್ಲ.

ಟೇಲರಣ್ಣ ಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟರು. "ಸೂಜಿ ಹಿಡಿಯದವನಿಗೆ ಆ ಹೆಸರು ಉಂಟು. ನನ್ನ ಹೆಂಡತಿಗೆ ಆಗುದಿಲ್ವಾ? ಬರೀರಿ ಟೀಚರೇ."

ಸ್ಪೀಕರಿನಲ್ಲಿ ಊರಿಗೆ ಫೋನು ಹೋಯಿತು. ನನಗೂ ಕೇಳಲಿ ಎಂದೇ ಇರಬೇಕು, ಆಕೆ ಮನೆಮಾತಾದ ಬ್ಯಾರಿ ಬಿಟ್ಟು ಕನ್ನಡದಲ್ಲೇ ಉತ್ತರ ಕೊಟ್ಟರು. "ಹೊಲಿಯುವುದು ನೀವು. ನಾನು ಬೀಡಿ ಕಟ್ಟುವವಳು. ನಿಮ್ಮ ಕೆಲಸದ ಹೆಸರು ನನಗ್ಯಾಕೆ?"

ಟೇಲರಣ್ಣ ನಕ್ಕರು, ಆದರೆ ಮುಖ ಸಣ್ಣದಾಯಿತು. "ನೀನು ಬರ್ಲಿಕ್ಕೆ ಮಾರಾಯ್ತಿ," ಎಂದರು.

ಟೇಲರ್ ಎಂದೇ ಸೇರಿಸಿ ಪಾಸ್‌ಪೋರ್ಟಾಯಿತು, ವೀಸಾ ಆಯಿತು, ಆಕೆ ಬಂದರು. ಅಂಗಡಿಯಲ್ಲಿ ಒಂದು ಸ್ಟೂಲ್ ಹಾಕಿ ಕೂರಿಸಿ, ಬಂದ ಗಿರಾಕಿಗಳಿಗೆಲ್ಲ ಟೇಲರಣ್ಣ "ನನ್ನ ಹೆಂಡತಿ, ಊರಿಂದ" ಎಂದು ಅವರವರ ಭಾಷೆಯಲ್ಲಿ ಹೇಳಿದ್ದೇ ಹೇಳಿದ್ದು. ನನಗೇ ಮೂರು ಸಲ ಹೇಳಿದರು. ಹನ್ನೊಂದನೆಯ ದಿನ ಮಧ್ಯಾಹ್ನ, ಯೂನಿಫಾರಂ ಬಟ್ಟೆ ಕತ್ತರಿಸುತ್ತಿದ್ದ ಹಾಗೆಯೇ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು.

ಆಸ್ಪತ್ರೆಯ ಕೌಂಟರಿನಲ್ಲಿದ್ದ ಹೆಂಗಸು ಎರಡೂ ಪಾಸ್‌ಪೋರ್ಟನ್ನು ಪಕ್ಕಪಕ್ಕ ಇಟ್ಟು ನೋಡಿದಳು. ತೀರಿಕೊಂಡವರಿಗೆ ಒಂದೇ ಹೆಸರು, ಇವರಿಗೆ ಟೇಲರ್ ಎಂದಿದೆ, ಇದು ಯಾರ ಹೆಸರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಷ್ಟುದ್ದ ಕಥೆ ಹೊಡೆದವಳು, ನಿಮ್ಮ ಪಾಸ್‌ಪೋರ್ಟಿಗೂ ಸೇರಿಸಿಕೊಳ್ಳಿ ಎಂದು ಟೇಲರಣ್ಣನಿಗೆ ಹೇಳಲು ಮರೆತಿದ್ದೆ. ಜೀವಮಾನವಿಡೀ ಹೊಲಿದ ಮನುಷ್ಯ ಆ ಹೆಸರಿಲ್ಲದೆ ಹೋಗಿದ್ದರು.

"ಎಂತ ಕೇಳ್ತಾರೆ?" ಎಂದರು ಪಕ್ಕದಲ್ಲಿದ್ದ ಟೇಲರಣ್ಣನ ಹೆಂಡತಿ. ಹೇಳಿದೆ.

"ಅದು ನಮ್ಮ ಮನೆಯ ಹೆಸರು ಅಂತ ಹೇಳಿ. ಅವರಿಂದ ಬಂದದ್ದು. ಅವರ ಮರಣದ ಕಾಗದದಲ್ಲಿ ಈಗ ಬರೀಲಿಕ್ಕೆ ಆಗ್ತದಾ ಕೇಳಿ ಟೀಚರೇ."

ಕೇಳಿದೆ. ಪಾಸ್‌ಪೋರ್ಟಿನಲ್ಲಿ ಇಲ್ಲದ್ದನ್ನು ಬರೆಯಲಾಗುವುದಿಲ್ಲ ಎಂದು ಕೌಂಟರಿನವಳು ಮೆಲ್ಲಗೆ ಹೇಳಿದಳು.

ಆಕೆ ತನ್ನ ಪಾಸ್‌ಪೋರ್ಟನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡರು. "ಹಾಗಾದ್ರೆ ನನ್ನದರಲ್ಲಿ ಇರ್ಲಿ," ಎಂದರು.